ಬರುವ ನೀರು, ಹೋಗುವ ನೀರು: ಬೆಂಗಳೂರಿನ ಮನೆಗೆ ಜಲಮಂಡಳಿ ಸಂಪರ್ಕ ಪಡೆಯುವ ದಾರಿ

ಬೆಂಗಳೂರಿನಲ್ಲಿ ಮನೆ ಕಟ್ಟುವವರು ಕೇಳುವ ಮೊದಲ ಪ್ರಶ್ನೆ "ಕಾವೇರಿ ಯಾವಾಗ ಬರುತ್ತೆ?" ಅನ್ನೋದು. ಬಳಸಿದ ನೀರು ಎಲ್ಲಿಗೆ ಹೋಗುತ್ತೆ ಎಂದು ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ. ಬಾಡಿಗೆಗಿದ್ದ ಮನೆಯೊಂದರಲ್ಲಿ ಒಂದು ರಾತ್ರಿ ಜೋರು ಮಳೆ ಬಂತು. ಅರ್ಧ ಗಂಟೆಯೊಳಗೆ ಬಚ್ಚಲಿನ ಜಾಲರಿಯಿಂದ ಕಪ್ಪು ನೀರು ಉಕ್ಕಿ ಹಾಲ್‌ವರೆಗೆ ಹರಿಯಿತು. ಮರುದಿನ ಪ್ಲಂಬರ್ ಬಂದು ಅಂಗಳದ ಚೇಂಬರ್ ಮುಚ್ಚಳ ತೆಗೆದು ತೋರಿಸಿದರು. ತಾರಸಿಯ ಮಳೆನೀರಿನ ಪೈಪನ್ನು ಯುಜಿಡಿ ಲೈನಿಗೇ, ಅಂದರೆ ನೆಲದಡಿಯ ಒಳಚರಂಡಿಗೇ ಸೇರಿಸಿದ್ದರು. ಅದೇ ಸಾಲಿನ ಇನ್ನೂ ಐದಾರು ಮನೆಗಳಲ್ಲೂ ಹಾಗೇ ಇತ್ತು. ಕೊಳಚೆಗೆಂದು ಹಾಕಿದ ಪೈಪಿಗೆ ಇಡೀ ಬೀದಿಯ ಮಳೆ ನುಗ್ಗಿದರೆ, ಅದು ಎಲ್ಲಿ ತಗ್ಗಿದೆಯೋ ಅಲ್ಲಿ ಮೇಲೆ ಬರುತ್ತದೆ. ತಗ್ಗಿನಲ್ಲಿದ್ದದ್ದು ನಮ್ಮ ಮನೆ.

ಅಂದಿನಿಂದ ಮನೆ ಕಟ್ಟುವ ಪರಿಚಿತರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೇನೆ. ನೀರು ಬರುವ ಪೈಪಿಗೆ ಎಷ್ಟು ಓಡಾಡುತ್ತೀರೋ, ಹೋಗುವ ಪೈಪಿಗೂ ಅಷ್ಟೇ ಓಡಾಡಿ. ಕಾನೂನು ಇವೆರಡನ್ನೂ ಬೇರೆ ಮಾಡಿಲ್ಲ. 1964ರ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಕಾಯ್ದೆಯಿಂದ ಹುಟ್ಟಿದ ಜಲಮಂಡಳಿಯ ಹೆಸರಿನಲ್ಲೇ ಎರಡೂ ಇವೆ. ನಿಮ್ಮ ಮನೆಗೆ ಬರುವ ಬಿಲ್ಲಿನಲ್ಲೂ ಎರಡೂ ಇರುತ್ತವೆ.

ಮೊದಲು, ಯಾರ ಹತ್ತಿರ ಹೋಗಬೇಕು?

ಇದು ಗೊತ್ತಿಲ್ಲದೆ ಜನ ವಾರಗಟ್ಟಲೆ ಅಲೆಯುತ್ತಾರೆ. ನಲ್ಲಿ ನೀರು, ಯುಜಿಡಿ, ರಸ್ತೆಯ ಮ್ಯಾನ್‌ಹೋಲ್ ಜಲಮಂಡಳಿಯದ್ದು. ರಸ್ತೆ ಪಕ್ಕದ ಮಳೆನೀರಿನ ಚರಂಡಿ, ರಾಜಕಾಲುವೆ ಪಾಲಿಕೆಯದ್ದು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಿವೆ. ಹಾಗಾಗಿ ನಿಮ್ಮದು ಯಾವ ಪಾಲಿಕೆ ಎಂದು ಮೊದಲು ನೋಡಿಕೊಳ್ಳಿ. ರಸ್ತೆ ಅಗೆಯುವ ಅನುಮತಿಯೂ ಪಾಲಿಕೆಯಿಂದಲೇ ಸಿಗಬೇಕು.

ಬೆಂಗಳೂರಿನ ಹೊರಗೆ ವ್ಯವಸ್ಥೆ ಬೇರೆ. ದೊಡ್ಡ ಯೋಜನೆಗಳನ್ನು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಟ್ಟುತ್ತದೆ. ದಿನನಿತ್ಯದ ಸಂಪರ್ಕ, ಬಿಲ್ಲು ಸಾಮಾನ್ಯವಾಗಿ ಪಾಲಿಕೆ, ನಗರಸಭೆ, ಪುರಸಭೆಗಳ ಕೆಲಸ. ಕೆಳಗೆ ಹೇಳಿರುವ ಕಾಗದಪತ್ರ, ಪೈಪು, ಮೀಟರಿನ ಮಾತು ಅಲ್ಲಿನವರಿಗೂ ಬಹುಪಾಲು ಹೊಂದುತ್ತದೆ. ಕಚೇರಿ ಮಾತ್ರ ಬೇರೆ.

ಅರ್ಜಿ ಹಾಕುವ ಮುನ್ನ

ನಿಮ್ಮ ಏರಿಯಾದ ಜಲಮಂಡಳಿ ಉಪವಿಭಾಗದ ಕಚೇರಿಗೆ ಒಮ್ಮೆ ಖುದ್ದಾಗಿ ಹೋಗಿ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ನಿಜ. ಆದರೆ ಎರಡು ವಿಷಯ ಅಲ್ಲಿ ಕೇಳಿಯೇ ತಿಳಿಯಬೇಕು. ನಿಮ್ಮ ರಸ್ತೆಯಲ್ಲಿ ನೀರಿನ ಲೈನ್ ಇದೆಯಾ, ಅದಕ್ಕೆ ನೀರು ಬಿಟ್ಟಿದ್ದಾರಾ? ಯುಜಿಡಿ ಲೈನ್ ಇದೆಯಾ, ಅದು ಮುಂದಿನ ದೊಡ್ಡ ಲೈನಿಗೆ ಸೇರಿದೆಯಾ? ರಸ್ತೆಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಕಂಡ ಮಾತ್ರಕ್ಕೆ ಲೈನ್ ಚಾಲೂ ಇದೆ ಎಂದುಕೊಳ್ಳಬೇಡಿ.

2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆ ಮನೆ ಇದ್ದರೆ ಈ ಪ್ರಶ್ನೆ ಇನ್ನೂ ಮುಖ್ಯ. ಆ ಕಡೆಗೆಂದೇ ಕಾವೇರಿ 5ನೇ ಹಂತ ಬಂತು. 2024ರ ಅಕ್ಟೋಬರ್‌ನಲ್ಲಿ ಶುರುವಾದ ಆ ಯೋಜನೆ ದಿನಕ್ಕೆ 77.5 ಕೋಟಿ ಲೀಟರ್ ತರಬಲ್ಲದು. ನೀರು ಊರ ಅಂಚಿಗೆ ಬಂದಿದೆ. ನಿಮ್ಮ ಮನೆಯ ಮುಂದಿನ ಪೈಪಿಗೆ ಬಂದಿದೆಯಾ ಎನ್ನುವುದೇ ಪ್ರಶ್ನೆ.

ಕಾಗದಪತ್ರಗಳಲ್ಲಿ ಖಾತಾ, ಈ ವರ್ಷದ ಆಸ್ತಿ ತೆರಿಗೆ ರಸೀದಿ, ಮಂಜೂರಾದ ಕಟ್ಟಡದ ನಕ್ಷೆ, ಗುರುತಿನ ಚೀಟಿ ಬೇಕು. ಮಳೆನೀರು ಕೊಯ್ಲು ಮಾಡಿದ್ದರೆ ಅದರ ಫೋಟೊಗಳನ್ನೂ ಇಟ್ಟುಕೊಳ್ಳಿ. ಜನ ಈಗ ಎಡವುತ್ತಿರುವುದು ಒಸಿ ವಿಷಯದಲ್ಲಿ, ಅಂದರೆ ಸ್ವಾಧೀನಾನುಭವ ಪತ್ರ. ಇದು ಇಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್, ಒಳಚರಂಡಿ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತು. ಚಿಕ್ಕ ಸೈಟಿನ ಮನೆಗಳಿಗೆ ರಾಜ್ಯ ಸರ್ಕಾರ 2025ರಲ್ಲಿ ವಿನಾಯಿತಿ ಕೊಟ್ಟಿದೆ. ಆದರೆ ಅದು ಸೈಟಿನ ಅಳತೆ, ಮಹಡಿಗಳ ಸಂಖ್ಯೆ ನೋಡಿ ಸಿಗುತ್ತದೆ. ನಿಮ್ಮ ಮನೆಗೆ ಅನ್ವಯಿಸುತ್ತಾ ಎಂದು ನಕ್ಷೆ ಹಿಡಿದುಕೊಂಡು ಹೋಗಿ ಕೇಳಿ. ನಕ್ಷೆ ಮೀರಿ ಒಂದು ಮಹಡಿ ಜಾಸ್ತಿ ಕಟ್ಟಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಅಪಾರ್ಟ್‌ಮೆಂಟ್ ಕೊಳ್ಳುವವರಂತೂ ಅಡ್ವಾನ್ಸ್ ಕೊಡುವ ಮೊದಲೇ ಒಸಿ ಕೇಳಬೇಕು. "ಆಮೇಲೆ ಮಾಡಿಸಿಕೊಡ್ತೀವಿ" ಎಂಬ ಮಾತನ್ನು ನಂಬಿ ವರ್ಷಗಟ್ಟಲೆ ಟ್ಯಾಂಕರ್ ನೀರು ಕುಡಿಯುವವರಿದ್ದಾರೆ.

ಹಳೆ ಮನೆ ಕೊಳ್ಳುತ್ತಿದ್ದರೆ ಮಾರುವವರಿಂದ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕದ ನಂಬರ್) ಪಡೆದು ನೀರಿನ ಬಾಕಿ ಎಷ್ಟಿದೆ ಎಂದು ನೋಡಿ. ಬಾಕಿ ಮನೆಯ ಜೊತೆಗೇ ಬರುತ್ತದೆ. ರಿಜಿಸ್ಟ್ರೇಷನ್ ಆದ ಮೇಲೆ ಜಗಳವಾಡಿ ಪ್ರಯೋಜನವಿಲ್ಲ.

ಅರ್ಜಿ, ಹಣ, ಪೈಪು

ಅರ್ಜಿ ಹಾಕಿದ ಮೇಲೆ ಎಂಜಿನಿಯರ್ ಸ್ಥಳ ನೋಡಲು ಬರುತ್ತಾರೆ. ಆಮೇಲೆ ಕಟ್ಟಬೇಕಾದ ಹಣದ ಪತ್ರ ಬರುತ್ತದೆ. ಕಟ್ಟಡದ ವಿಸ್ತೀರ್ಣದ ಮೇಲಿನ ಪ್ರೊ-ರೇಟಾ ಶುಲ್ಕ, ಮೀಟರ್, ಸಂಪರ್ಕದ ಖರ್ಚು ಹೀಗೆ ಅದರಲ್ಲಿ ಹಲವು ಸಾಲುಗಳಿರುತ್ತವೆ. ಒಂದೊಂದು ಸಾಲೂ ಯಾಕೆ ಎಂದು ಕೇಳಿ. ಮೊತ್ತ ದೊಡ್ಡದಾದರೆ ಕಂತಿನಲ್ಲಿ ಕಟ್ಟಲು ಅವಕಾಶ ಇದೆಯಾ ಎಂದೂ ಕೇಳಿ. ಹಣವನ್ನು ಮಂಡಳಿಗೇ ಕಟ್ಟಿ ರಸೀದಿ ಪಡೆಯಿರಿ. ಯಾರ ಕೈಗೂ ಕೊಡಬೇಡಿ.

ಇಲ್ಲೊಂದು ಎಚ್ಚರಿಕೆ. ಕೆಳಗೆ ಅಂಗಡಿ, ಮೇಲೆ ಮನೆ ಇದ್ದರೆ ಅರ್ಜಿಯಲ್ಲಿ ಅದನ್ನೇ ಬರೆಯಿರಿ. ವಾಣಿಜ್ಯ ಬಳಕೆಯ ದರ ಜಾಸ್ತಿ, ನಿಜ. ಮನೆ ಎಂದು ಬರೆಸಿ ಆಮೇಲೆ ಸಿಕ್ಕಿಬಿದ್ದರೆ ಇನ್ನೂ ಜಾಸ್ತಿ ಕಟ್ಟಬೇಕಾಗುತ್ತದೆ.

ಕೆಲಸವನ್ನು ಲೈಸೆನ್ಸ್ ಇರುವ ಪ್ಲಂಬರ್ ಕೈಲೇ ಮಾಡಿಸಿ. ಅಗೆಯುವ ದಿನ ಮನೆಯವರು ಯಾರಾದರೂ ಹತ್ತಿರ ನಿಂತಿರಿ. ನೀರಿನ ಪೈಪು ಯುಜಿಡಿ ಪೈಪಿನ ಪಕ್ಕದಲ್ಲೇ, ಅಥವಾ ಅದಕ್ಕಿಂತ ಕೆಳಗೆ ಹೋಗಬಾರದು. ಒಂದನ್ನೊಂದು ದಾಟಲೇಬೇಕಾದರೆ ನೀರಿನದ್ದು ಮೇಲೆ ಇರಬೇಕು. ಕಾರಣ ಸರಳ. ನಮ್ಮಲ್ಲಿ ಹೆಚ್ಚಿನ ಕಡೆ ನೀರು 24 ಗಂಟೆ ಬರಲ್ಲ. ನೀರು ನಿಂತಾಗ ಪೈಪು ಖಾಲಿಯಾಗಿ ಒತ್ತಡ ಇಳಿಯುತ್ತದೆ. ಆಗ ಪೈಪಿನಲ್ಲಿ ಸಣ್ಣ ಬಿರುಕಿದ್ದರೂ ಅಕ್ಕಪಕ್ಕದ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮೀಟರಿಗೂ ಸಂಪಿಗೂ ನಡುವೆ ಮೋಟಾರ್ ಇಟ್ಟು ಲೈನಿನಿಂದಲೇ ನೀರು ಎಳೆಯುವವರು ಈ ಅಪಾಯವನ್ನು ಇಡೀ ಬೀದಿಗೆ ಹಂಚುತ್ತಾರೆ. ಅದು ಕಾನೂನುಬಾಹಿರ. ಪಕ್ಕದ ಮನೆಯವರ ನೀರನ್ನು ಕಿತ್ತುಕೊಂಡ ಹಾಗೆ ಕೂಡ.

ಮುಚ್ಚುವ ಮೊದಲು ಗುಂಡಿಯ ಫೋಟೊ ತೆಗೆದುಕೊಳ್ಳಿ. ಗೋಡೆಯಿಂದ ಎಷ್ಟು ಅಡಿ, ಎಷ್ಟು ಆಳ ಎಂದು ಬರೆದಿಡಿ. ಐದು ವರ್ಷದ ನಂತರ ಲೀಕ್ ಹುಡುಕುವಾಗ ಆ ಒಂದು ಫೋಟೊ ಅರ್ಧ ರಸ್ತೆ ಅಗೆಯುವುದನ್ನು ತಪ್ಪಿಸುತ್ತದೆ. ರಸ್ತೆಯ ಮುಖ್ಯ ಲೈನ್ ಮಂಡಳಿಯ ಹೊಣೆ, ಮೀಟರ್ ದಾಟಿ ಒಳಗಿನದ್ದು ನಿಮ್ಮ ಹೊಣೆ. ನಡುವಿನ ತುಂಡು ಕೆಟ್ಟರೆ ಯಾರು ಸರಿಮಾಡಬೇಕು ಎಂದು ಸಂಪರ್ಕ ಕೊಡುವ ದಿನವೇ ಕೇಳಿ ಬರೆಸಿಕೊಳ್ಳಿ.

ಹೋಗುವ ಪೈಪು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮನೆಗೆ ಬಂದ ನೀರಿನಲ್ಲಿ ಸುಮಾರು 80 ಭಾಗ ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂದು ಎಂಜಿನಿಯರ್‌ಗಳು ಲೆಕ್ಕ ಹಿಡಿಯುತ್ತಾರೆ. ಅಂದರೆ 1,000 ಲೀಟರ್ ಬಂದರೆ 800 ಲೀಟರ್ ವಾಪಸ್ ಹೋಗಬೇಕು. ಪಂಪ್ ಇಲ್ಲದೆ, ಬರೀ ಇಳಿಜಾರಿನಲ್ಲಿ.

ಇಳಿಜಾರೇ ಇಲ್ಲಿ ಎಲ್ಲ. ಮನೆಯೊಳಗಿನ 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಎನ್ನುವುದು ಹಳೆಯ ಲೆಕ್ಕ. ಪಾಯ ಹಾಕುವ ಮೊದಲೇ ರಸ್ತೆಯ ಯುಜಿಡಿ ಎಷ್ಟು ಆಳದಲ್ಲಿದೆ ಎಂದು ಉಪವಿಭಾಗದಲ್ಲಿ ಕೇಳಿ. ನಿಮ್ಮ ಕೆಳಗಿನ ಬಚ್ಚಲು ಅದಕ್ಕಿಂತ ಎತ್ತರದಲ್ಲಿ ಇರಬೇಕು. ಬೇಸ್‌ಮೆಂಟಿನಲ್ಲಿ ಟಾಯ್ಲೆಟ್ ಮಾಡುವ ಆಸೆ ಇದ್ದರೆ ಬಿಟ್ಟುಬಿಡಿ ಎನ್ನುವುದು ನನ್ನ ಸಲಹೆ. ಮಾಡಲೇಬೇಕಾದರೆ ಕೊಳಚೆಯನ್ನು ಮೇಲೆತ್ತಲು ಪಂಪ್ ಬೇಕು, ವಾಪಸ್ ಬರದ ಹಾಗೆ ನಾನ್-ರಿಟರ್ನ್ ವಾಲ್ವ್ ಬೇಕು. ರಸ್ತೆ ಮಟ್ಟಕ್ಕಿಂತ ತಗ್ಗಿರುವ ಮನೆಗಳಿಗಂತೂ ಆ ವಾಲ್ವ್ ಬೇಕೇ ಬೇಕು. ನಾನು ಮೇಲೆ ಹೇಳಿದ ರಾತ್ರಿ ಅದೊಂದು ಇದ್ದಿದ್ದರೆ ನಮ್ಮ ಹಾಲ್ ಉಳಿಯುತ್ತಿತ್ತು.

ಪೈಪು ತಿರುಗುವ ಕಡೆಯೆಲ್ಲ ಒಂದು ಚೇಂಬರ್ ಇಡಿಸಿ. ಅದರ ಮೇಲೆ ಟೈಲ್ಸ್ ಹಾಕಿ ಮುಚ್ಚಬೇಡಿ. ಕಟ್ಟಿಕೊಂಡಾಗ ಕಡ್ಡಿ ಹಾಕಲು ಜಾಗ ಇರಬೇಕು ಅಲ್ವಾ? ಹೋಟೆಲ್, ಮೆಸ್, ಪಿಜಿ ನಡೆಸುವವರು ಅಡುಗೆಮನೆಯ ನೀರನ್ನು ಜಿಡ್ಡು ತಡೆಯುವ ತೊಟ್ಟಿಯ ಮೂಲಕವೇ ಬಿಡಬೇಕು. ಬಿಸಿಯಾಗಿದ್ದಾಗ ಹರಿಯುವ ಎಣ್ಣೆ ಪೈಪಿನೊಳಗೆ ತಣ್ಣಗಾಗಿ ಮೇಣದ ಹಾಗೆ ಅಂಟುತ್ತದೆ. ಪ್ಯಾಡ್, ಡೈಪರ್, ವೈಪ್ಸ್, ಕೂದಲು ಯಾವುದನ್ನೂ ಕಮೋಡಿಗೆ ಹಾಕಬಾರದು.

ತಾರಸಿ ನೀರು, ಅಂಗಳದ ನೀರು ಯುಜಿಡಿಗೆ ಹೋಗಲೇಬಾರದು. ಇದು ನಿಯಮ. ಪರೀಕ್ಷೆ ಸುಲಭ. ತಾರಸಿಯ ಪೈಪಿಗೆ ಎರಡು ಬಕೆಟ್ ನೀರು ಸುರಿಯಿರಿ, ಚೇಂಬರ್ ಮುಚ್ಚಳ ತೆಗೆದು ನೋಡುತ್ತಿರಿ. ಅಲ್ಲಿ ಹರಿದರೆ ಪ್ಲಂಬರನ್ನು ಕರೆಸಿ ಬೇರೆ ಮಾಡಿಸಿ. ಬಾಡಿಗೆಗೆ ಹೋಗುವವರೂ ಮನೆ ನೋಡುವ ದಿನವೇ ಇದನ್ನು ಮಾಡಬಹುದು. ಮಾಲೀಕರು ಬೇಡ ಎನ್ನಲಾರರು.

ಯುಜಿಡಿ ಸಂಪರ್ಕ ಸಿಕ್ಕ ಮೇಲೆ ಹಳೆಯ ಪಿಟ್ ಅನ್ನು, ಅಂದರೆ ಶೌಚದ ಗುಂಡಿಯನ್ನು, ಹಾಗೇ ಬಿಡಬೇಡಿ. ಟ್ಯಾಂಕರ್ ಕರೆಸಿ ಯಂತ್ರದಿಂದ ಖಾಲಿ ಮಾಡಿಸಿ, ಪೈಪು ಕಡಿದು, ಮಣ್ಣು ತುಂಬಿಸಿ. ಪಕ್ಕದಲ್ಲಿ ಸಂಪು ಅಥವಾ ಬೋರ್‌ವೆಲ್ ಇದ್ದರೆ ಇದನ್ನು ಮುಂದೂಡಲೇಬೇಡಿ.

ನಿಮ್ಮ ಮನೆಯಿಂದ ಹೊರಟ ನೀರಿಗೆ ಮುಂದೆಯೂ ಬಾಳಿದೆ. ಬೆಂಗಳೂರು ಎತ್ತರದ ಊರು. ನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ಕಡೆಗೆ ಇಳಿಯುತ್ತದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಹೆಬ್ಬಾಳ-ನಾಗವಾರ ಕಡೆಯದ್ದು ಚಿಕ್ಕಬಳ್ಳಾಪುರದ ಕೆರೆಗಳಿಗೆ. ಪೇಂಟ್, ಆಸಿಡ್, ಹಳೆ ಆಯಿಲ್ ಚರಂಡಿಗೆ ಸುರಿಯುವ ಮುನ್ನ ಆ ಕೆರೆಯ ದಂಡೆಯಲ್ಲಿ ಟೊಮೆಟೊ ಬೆಳೆಯುವವರನ್ನು ನೆನಪಿಸಿಕೊಳ್ಳಿ.

ಮೀಟರ್ ಓದಿ, ಬಿಲ್ ಲೆಕ್ಕ ಹಾಕಿ

ಪ್ರತಿ ತಿಂಗಳು ಒಂದೇ ದಿನ ಮೀಟರಿನ ಫೋಟೊ ತೆಗೆಯಿರಿ. ಕಪ್ಪು ಅಂಕಿಗಳು ಕಿಲೋಲೀಟರ್, ಅಂದರೆ 1,000 ಲೀಟರ್. ಕೆಂಪು ಅಂಕಿಗಳು ಅದಕ್ಕಿಂತ ಕಡಿಮೆಯ ಲೆಕ್ಕ. ಈ ತಿಂಗಳ ಅಂಕಿಯಿಂದ ಹಿಂದಿನದ್ದನ್ನು ಕಳೆದರೆ ಬಳಕೆ ಸಿಗುತ್ತದೆ.

ಮನೆ ಬಳಕೆಯ ದರ ಮೆಟ್ಟಿಲುಗಳಲ್ಲಿದೆ. 8,000 ಲೀಟರ್‌ವರೆಗೆ ಒಂದು ದರ, 25,000ದವರೆಗೆ ಇನ್ನೊಂದು, 50,000ದವರೆಗೆ ಮತ್ತೊಂದು, ಅದರ ಮೇಲೆ ಬೇರೆ. ಒಂದು ಉದಾಹರಣೆ ನೋಡೋಣ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಎನ್ನುವುದು ದೇಶದ ಮಾನದಂಡ. ನಾಲ್ಕು ಜನರ ಮನೆಗೆ 30 ದಿನಕ್ಕೆ 16,200 ಲೀಟರ್ ಆಯಿತು. 2014ರಲ್ಲಿ ಬಂದ ದರ ಸಾವಿರ ಲೀಟರಿಗೆ ಮೊದಲ ಮೆಟ್ಟಿಲಲ್ಲಿ 7 ರೂಪಾಯಿ, ಎರಡನೆಯದರಲ್ಲಿ 11, ಮೂರರಲ್ಲಿ 26, ನಾಲ್ಕರಲ್ಲಿ 45 ಇತ್ತು. ಮೊದಲ 8,000ಕ್ಕೆ 56 ರೂಪಾಯಿ. ಉಳಿದ 8,200ಕ್ಕೆ 90 ರೂಪಾಯಿ 20 ಪೈಸೆ. ಒಟ್ಟು 146 ರೂಪಾಯಿ 20 ಪೈಸೆ. 2025ರ ಏಪ್ರಿಲ್‌ನಲ್ಲಿ ದರ ಏರಿದೆ. ಹಾಗಾಗಿ ಇವತ್ತಿನ ದರವನ್ನು ಮಂಡಳಿಯ ವೆಬ್‌ಸೈಟಿನಿಂದ ತೆಗೆದು ಇದೇ ರೀತಿ ಲೆಕ್ಕ ಹಾಕಿ.

ಹೆಚ್ಚು ಬಳಸಿದರೆ ಎಲ್ಲ ನೀರಿಗೂ ಹೊಸ ದರ ಬೀಳಲ್ಲ. ದಾಟಿದ ಭಾಗಕ್ಕೆ ಮಾತ್ರ. ಆದರೂ ಮೂರನೇ ಮೆಟ್ಟಿಲು ಹತ್ತಿದರೆ ಬಿಲ್ ಜೋರಾಗಿಯೇ ಏರುತ್ತದೆ. ಒಂದೇ ಮೀಟರಿನಲ್ಲಿ ಮೂರು ಬಾಡಿಗೆ ಮನೆಗಳಿದ್ದರೆ ಎಲ್ಲರ ಬಳಕೆ ಸೇರಿ ಮೇಲಿನ ಮೆಟ್ಟಿಲಿಗೆ ಹೋಗಬಹುದು. ಮನೆಗಳ ಸಂಖ್ಯೆ ದಾಖಲೆಯಲ್ಲಿ ಹೇಗಿದೆ ಎಂದು ಮಾಲೀಕರು ಒಮ್ಮೆ ವಿಚಾರಿಸಬೇಕು.

ನೀರಿನ ಹಣದ ಕೆಳಗೆ ಸ್ಯಾನಿಟರಿ ಚಾರ್ಜ್ ಇರುತ್ತದೆ. ಅದು ಹೋಗುವ ನೀರಿನ ಬಾಬ್ತು. ಕಾವೇರಿ ಇಲ್ಲದೆ ಬರೀ ಬೋರ್‌ವೆಲ್ ಬಳಸುವವರಿಗೂ ಯುಜಿಡಿ ಇದ್ದರೆ ಇದು ಬರುತ್ತದೆ. "ನಿಮ್ಮ ನೀರೇ ಕುಡೀತಿಲ್ಲ, ಯಾಕೆ ಕಟ್ಟಬೇಕು?" ಎಂದು ಸಿಟ್ಟಾಗುತ್ತಾರೆ. ಬೋರ್‌ವೆಲ್ ನೀರೂ ಬಚ್ಚಲಿನಿಂದ ಅದೇ ಪೈಪಿಗೆ ಹೋಗುತ್ತದೆ. ಅದನ್ನು ಶುದ್ಧ ಮಾಡಲು ಖರ್ಚು ಇದೆ.

ಬಿಲ್ ಇದ್ದಕ್ಕಿದ್ದಂತೆ ಜಾಸ್ತಿ ಬಂತಾ? ದೂರು ಕೊಡುವ ಮೊದಲು ಮೂರು ಪರೀಕ್ಷೆ ಮಾಡಿ. ನೀರು ಬರದ ಹೊತ್ತಿನಲ್ಲಿ ಸಂಪಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಹಾಕಿ, ಮೋಟಾರ್ ಹಾಕದೆ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮಟ್ಟ ಇಳಿದಿದ್ದರೆ ಸಂಪು ಸೋರುತ್ತಿದೆ. ನೀರು ಬರುವ ಹೊತ್ತಿನಲ್ಲಿ ಸಂಪಿನ ಫ್ಲೋಟ್ ವಾಲ್ವ್ ಮುಚ್ಚಿದ ಮೇಲೂ ಮೀಟರ್ ತಿರುಗುತ್ತಿದ್ದರೆ ಅಲ್ಲಿಂದ ಸಂಪಿನವರೆಗಿನ ಪೈಪಿನಲ್ಲಿ ತೊಂದರೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಲೋಟ ಇಡಿ. ಗಂಟೆಗೆ ಅರ್ಧ ಲೀಟರ್ ತುಂಬಿದರೆ ತಿಂಗಳಿಗೆ 360 ಲೀಟರ್ ಹೋಗುತ್ತಿದೆ ಎಂದು ಲೆಕ್ಕ. ಮೂರರಲ್ಲೂ ಏನೂ ಸಿಗದಿದ್ದರೆ ಮೀಟರಿನ ಫೋಟೊಗಳ ಜೊತೆ ಲಿಖಿತ ದೂರು ಕೊಟ್ಟು ಮೀಟರ್ ಪರೀಕ್ಷೆ ಮಾಡಿಸಿ ಎಂದು ಕೇಳಿ.

ಈ ಕಾವೇರಿ ನೀರು ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರದಿಂದ ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತದೆ. ಸೋರಿದ ಪ್ರತಿ ಲೀಟರಿಗೂ ಆ ಕರೆಂಟ್ ಖರ್ಚಾಗಿರುತ್ತದೆ. 2024ರ ಮಾರ್ಚ್‌ನ ಬರದಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ, ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಮಂಡಳಿ ಆದೇಶ ಮಾಡಿತ್ತು. 2025ರ ಬೇಸಿಗೆಗೆ ಮುನ್ನ ಅದನ್ನೇ ಮತ್ತೆ ಹೊರಡಿಸಿತು. ಮನೆ ಕಟ್ಟುವವರು ಕ್ಯೂರಿಂಗಿಗೆ (ಕಾಂಕ್ರೀಟು ಗಟ್ಟಿಯಾಗಲು ನೀರು ಹಾಕುವುದಕ್ಕೆ) ಸಂಸ್ಕರಿಸಿದ ನೀರಿನ ಟ್ಯಾಂಕರ್ ತರಿಸಿಕೊಳ್ಳಿ.

ಮಳೆನೀರು, ಬೋರ್‌ವೆಲ್

ಜಲಮಂಡಳಿ ಕಾಯ್ದೆಗೆ 2009ರಲ್ಲಿ ಮಾಡಿದ ತಿದ್ದುಪಡಿಯಿಂದ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಹಳೆ ಮನೆಗಳಲ್ಲಿ 60×40 ಅಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನವು, ಹೊಸ ಮನೆಗಳಲ್ಲಿ 30×40 ಮತ್ತು ಮೇಲ್ಪಟ್ಟವು ಇದರಡಿ ಬರುತ್ತವೆ. ಮಾಡದಿದ್ದರೆ ದಂಡ ನೀರಿನ ಬಿಲ್ಲಿನಲ್ಲೇ ಸೇರಿ ಬರುತ್ತದೆ. ದಂಡಕ್ಕೆ ಹೆದರಿ ಸುಮ್ನೆ ಒಂದು ಡ್ರಮ್ ಇಟ್ಟು ಫೋಟೊ ತೆಗೆಸಬೇಡಿ. 100 ಚದರ ಮೀಟರ್ ತಾರಸಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿಲಿಮೀಟರಿಗಿಂತ ಜಾಸ್ತಿ ಬೀಳುತ್ತದೆ. ಸ್ವಲ್ಪ ಪೋಲಾದರೂ 70 ಸಾವಿರ ಲೀಟರ್ ಸಿಗುತ್ತದೆ. ಮಾದರಿಗಳನ್ನು ಕಣ್ಣಾರೆ ನೋಡಬೇಕೆಂದರೆ ಜಯನಗರ 5ನೇ ಬ್ಲಾಕಿನ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರಕ್ಕೆ ಹೋಗಿ ಬನ್ನಿ.

ಬೋರ್‌ವೆಲ್ ಕೊರೆಸಲು ಮುಂಚೆಯೇ ಅನುಮತಿ ಬೇಕು. 2011ರ ಅಂತರ್ಜಲ ಕಾಯ್ದೆ ಅದನ್ನು ಹೇಳುತ್ತದೆ. ಲಾರಿ ಬಂದು ನಿಂತ ಮೇಲೆ ಅರ್ಜಿ ಹಾಕಿದರೆ ಆಗಲ್ಲ.

ನೀರು ವಾಸನೆ ಬಂದರೆ

ನಲ್ಲಿ ನೀರು ಬಣ್ಣ ಬದಲಾಗಿದೆ, ಚರಂಡಿ ವಾಸನೆ ಬರುತ್ತಿದೆ ಅಂದರೆ ಮೊದಲು ಸಂಪಿಗೆ ಹೋಗುವ ವಾಲ್ವ್ ಮುಚ್ಚಿ. ಒಂದು ಶುದ್ಧ ಪಾರದರ್ಶಕ ಬಾಟಲಿಯಲ್ಲಿ ನೀರು ಹಿಡಿದು ದಿನಾಂಕ, ಹೊತ್ತು ಬರೆದಿಡಿ. ಅಕ್ಕಪಕ್ಕದ ಮನೆಗಳಲ್ಲಿ ಕೇಳಿ. ಅವರದ್ದೂ ಹಾಗೇ ಇದ್ದರೆ ತೊಂದರೆ ರಸ್ತೆಯ ಲೈನಿನಲ್ಲಿ. ನಿಮ್ಮದು ಮಾತ್ರ ಆಗಿದ್ದರೆ ನಿಮ್ಮ ಪೈಪಿನಲ್ಲಿ ಅಥವಾ ಸಂಪಿನಲ್ಲಿ. ಈ ಒಂದು ಮಾಹಿತಿ ಕೊಟ್ಟರೆ ಹುಡುಕುವವರ ಕೆಲಸ ಅರ್ಧ ಕಡಿಮೆ. ಆಮೇಲೆ 1916ಕ್ಕೆ ಫೋನ್ ಮಾಡಿ. ಸಂಪಿಗೆ ಆಗಲೇ ಬಂದುಬಿಟ್ಟಿದ್ದರೆ ಸಂಪು, ತಾರಸಿಯ ಟ್ಯಾಂಕ್ ಎರಡನ್ನೂ ಖಾಲಿ ಮಾಡಿ, ತಿಕ್ಕಿ, ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಸಿ. ಸರಿಯಾಗುವವರೆಗೆ ಕುಡಿಯುವ ನೀರು ಬೇರೆ ತರಿಸಿಕೊಳ್ಳಿ. ಲೈನ್ ಸರಿಮಾಡಿದ ಮೇಲೂ ಕೆಲವು ದಿನ ಕುದಿಸಿ ಕುಡಿಯಿರಿ. ನಲ್ಲಿ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುವುದು ಭಾರತೀಯ ಮಾನದಂಡ. ಪರೀಕ್ಷೆಗೆ ಬಂದವರನ್ನು ಅದೆಷ್ಟಿದೆ ಎಂದು ಕೇಳಿ.

ದೂರು ಕೊಡುವ ಬಗೆ

1916ಕ್ಕೆ ಹೇಳಿದ ಮೇಲೆ ದೂರಿನ ನಂಬರ್ ಪಡೆಯದೆ ಫೋನ್ ಇಡಬೇಡಿ. ಎರಡು ದಿನದಲ್ಲಿ ಏನೂ ಆಗದಿದ್ದರೆ ಅದೇ ನಂಬರ್ ಬರೆದು ಉಪವಿಭಾಗದ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅವರಿಗೆ ಪತ್ರ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ಬಿಲ್ಲಿನ ವಿವಾದವಾದರೆ ಮಂಡಳಿಯ ನೀರಿನ ಅದಾಲತ್‌ಗೆ ಹಳೆ ಬಿಲ್ಲು, ರಸೀದಿಗಳನ್ನು ತೆಗೆದುಕೊಂಡು ಹೋಗಿ.

ಮ್ಯಾನ್‌ಹೋಲ್ ಉಕ್ಕಿದಾಗ ಒಂದು ಮಾತು ಮನಸ್ಸಿನಲ್ಲಿರಲಿ. ಯಾರೋ ಒಬ್ಬರು ಬಂದು "ಸಾವಿರ ರೂಪಾಯಿ ಕೊಡಿ ಸಾರ್, ಇಳಿದು ತೆಗೀತೀನಿ" ಎನ್ನಬಹುದು. ಬೇಡ ಎನ್ನಿ. ಒಳಗಿನ ಅನಿಲ ಕ್ಷಣದಲ್ಲಿ ಉಸಿರು ಕಟ್ಟಿಸುತ್ತದೆ. ಸುರಕ್ಷತೆ ಇಲ್ಲದೆ ಮನುಷ್ಯರನ್ನು ಒಳಚರಂಡಿಗೂ ಪಿಟ್ಟಿಗೂ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಮನೆಯ ಪಿಟ್ಟಿಗೆ ಇಳಿಸಿದ ಮಾಲೀಕರಿಗೂ ಇದು ಅನ್ವಯಿಸುತ್ತದೆ. ವಾಸನೆ ಎರಡು ದಿನ ಜಾಸ್ತಿ ತಡೆದುಕೊಳ್ಳೋಣ. ಜೆಟ್ಟಿಂಗ್ ಯಂತ್ರವೇ ಬರಲಿ.

ಯಾವ ಪತ್ರಕ್ಕೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. "ಯಾಕೆ ಸರಿಮಾಡಿಲ್ಲ?" ಎಂದು ಕೇಳಬೇಡಿ. ದೂರಿನ ನಂಬರ್ ಬರೆದು, ಅದರ ಮೇಲೆ ಯಾವ ದಿನ ಯಾವ ಅಧಿಕಾರಿ ಏನು ಬರೆದಿದ್ದಾರೆ, ಅದರ ಪ್ರತಿ ಕೊಡಿ ಎಂದು ಕೇಳಿ.